ಪಾಲಾದ ಮೇಲಿನ ನಲವತ್ತೈದು ದಿನ

ತುಡುವೆ ಜೇನಿನ ಪೆಟ್ಟಿಗೆಯೊಂದನ್ನು ಬೆಳಿಗ್ಗೆ ಎರಡು ಪಾಲು ಮಾಡಿ, ಸಂಜೆಗೆ ಎರಡಕ್ಕೂ ಕಿವಿಯಿಟ್ಟು ಕೇಳಿ. ರಾಣಿ ಉಳಿದಿರುವ ಪೆಟ್ಟಿಗೆಯಲ್ಲಿ ಎಂದಿನ ಹದವಾದ ಗುಂಯ್ ಸದ್ದು. ಬೆರಳಿನಿಂದ ತಟ್ಟಿದರೆ ಒಮ್ಮೆ ಬುಸ್ಸೆಂದು ತಕ್ಷಣ ಸುಮ್ಮನಾಗುತ್ತದೆ. ರಾಣಿ ಇಲ್ಲದ ಪೆಟ್ಟಿಗೆಯನ್ನು ತಟ್ಟಿದರೆ ಎದ್ದ ಸದ್ದು ಬೇಗ ಅಡಗುವುದಿಲ್ಲ. ನರಳಿದ ಹಾಗೆ ಏರಿ ಇಳಿದು ಬಹಳ ಹೊತ್ತು ಎಳೆಯುತ್ತದೆ. ಬಾಗಿಲ ಹಲಗೆಯ ಮೇಲೆ ನೊಣಗಳು ಏನನ್ನೋ ಕಳೆದುಕೊಂಡವರಂತೆ ಅತ್ತಿಂದಿತ್ತ ಓಡುತ್ತಿರುತ್ತವೆ.

ಕಳೆದುಹೋಗಿರುವುದು ಒಂದು ವಾಸನೆ. ರಾಣಿಯ ದವಡೆಯ ಗ್ರಂಥಿಗಳಿಂದ ಒಸರುವ ರಾಸಾಯನಿಕವನ್ನು ಅವಳ ಸುತ್ತ ನಿಂತ ನೊಣಗಳು ನೆಕ್ಕಿ, ಮೀಸೆಯಿಂದ ಮೀಸೆಗೆ, ಬಾಯಿಂದ ಬಾಯಿಗೆ ದಾಟಿಸುತ್ತಾ ಇಡೀ ಗೂಡಿಗೆ ಹರಡುತ್ತವೆ. ಇಂಗ್ಲೆಂಡಿನ ಕಾಲಿನ್ ಬಟ್ಲರ್ 1950ರ ದಶಕದಲ್ಲಿ ಇದನ್ನು ‘ರಾಣಿ ದ್ರವ್ಯ’ ಎಂದು ಕರೆದರು. ಅದರ ಪೂರೈಕೆ ನಿಂತ ಕೆಲವೇ ಗಂಟೆಗಳಲ್ಲಿ ಸಾವಿರಾರು ನೊಣಗಳಿಗೆ ಸುದ್ದಿ ತಲುಪಿರುತ್ತದೆ: ಅಮ್ಮ ಇಲ್ಲ.

ಪಾಲು ಮಾಡುವುದು ಒಂದು ಗಂಟೆಯ ಕೆಲಸ. ನಾಲ್ಕು ಚೌಕಟ್ಟು ಎತ್ತಿ ಇನ್ನೊಂದು ಪೆಟ್ಟಿಗೆಗೆ ಇಡುವುದನ್ನು ಯಾರು ಬೇಕಾದರೂ ಕಲಿಯಬಹುದು. ಆದರೆ ಕುಟುಂಬ ನಿಜವಾಗಿ ಎರಡಾಗುವುದಕ್ಕೆ ಸುಮಾರು 45 ದಿನ ಬೇಕು. ಆ ದಿನಗಳಲ್ಲಿ ಪೆಟ್ಟಿಗೆಯೊಳಗೆ ಏನು ನಡೆಯುತ್ತದೆ ಎಂಬುದು ಗೊತ್ತಿಲ್ಲದವರ ಕೈಯಲ್ಲಿ ಒಂದು ಒಳ್ಳೆಯ ಕುಟುಂಬ ಎರಡು ಬಡ ಕುಟುಂಬವಾಗುತ್ತದೆ, ಕೊನೆಗೆ ಎರಡು ಖಾಲಿ ಪೆಟ್ಟಿಗೆ. ಮಲೆನಾಡಿನ ತೋಟದಲ್ಲಿ ಕಾಡು ಒಂದಷ್ಟು ತಪ್ಪನ್ನು ಕ್ಷಮಿಸೀತು. ಬೆಂಗಳೂರಿನ ಪೀಣ್ಯದ ಮಗ್ಗುಲಿನ ರಾಜಗೋಪಾಲನಗರದಂಥ ಕಡೆ ಅಂಥ ರಿಯಾಯಿತಿ ಇಲ್ಲ. ಗೋಡೆಗೆ ಗೋಡೆ ತಾಗಿದ ಮನೆಗಳು, ಕೆಳಗೆ ಲೇತ್ ಮತ್ತು ಪಾಲಿಶ್ ಕೆಲಸದ ಸಣ್ಣ ಶೆಡ್ಡುಗಳು, ಮೇಲೆ ಬಿಸಿಲಿಗೆ ಕಾಯ್ದ ತಾರಸಿ. ಇಲ್ಲಿ ಜೇನು ಸಾಕುವವರು ನೊಣದ ಲೆಕ್ಕವನ್ನು ಇನ್ನೂ ಬಿಗಿಯಾಗಿ ಇಡಬೇಕಾಗುತ್ತದೆ.

ಪಾಲು ಮಾಡುವ ವಿದ್ಯೆ ಹಳೆಯದು. 1760ರ ದಶಕದಲ್ಲಿ ಜರ್ಮನಿಯ ಸ್ಯಾಕ್ಸನಿಯಲ್ಲಿ ಆಡಂ ಗಾಟ್‌ಲೋಬ್ ಶಿರಾಕ್ ಎಂಬ ಪಾದ್ರಿ ಮೊಟ್ಟೆ-ಮರಿ ಇರುವ ಎರಿಯ ತುಂಡನ್ನೂ ಒಂದಷ್ಟು ಕೆಲಸಗಾರ ನೊಣಗಳನ್ನೂ ಪೆಟ್ಟಿಗೆಯೊಂದರಲ್ಲಿ ಹಾಕಿ ಮುಚ್ಚಿಟ್ಟ. ಕೆಲ ದಿನಗಳಲ್ಲೇ ಅವು ರಾಣಿಕೋಶ ಕಟ್ಟಿಕೊಂಡಿದ್ದವು. ರಾಣಿಯಾಗುವ ಮರಿ ಬೇರೆಯದೇ ಬೀಜದಿಂದ ಬರುತ್ತದೆ ಎಂಬ ನಂಬಿಕೆ ಅಲ್ಲಿಗೆ ಬಿತ್ತು. ಯಾವ ಹೆಣ್ಣು ಮರಿಯೂ ರಾಣಿಯಾಗಬಲ್ಲದು, ಎಳೆಯದಾಗಿರಬೇಕು ಅಷ್ಟೆ. ಈ ಮಾತನ್ನು ಆಗ ಅನೇಕರು ಒಪ್ಪಲಿಲ್ಲ. ಜಿನೀವಾದ ಫ್ರಾನ್ಸ್ವಾ ಹ್ಯೂಬರ್ ಅದನ್ನು ಮತ್ತೆ ಮತ್ತೆ ಪರೀಕ್ಷಿಸಿ ದೃಢಪಡಿಸಿದ. ಹ್ಯೂಬರ್‌ಗೆ ಕಣ್ಣು ಕಾಣುತ್ತಿರಲಿಲ್ಲ. ಅವನ ಸಹಾಯಕ ಬ್ಯೂರ್ನೆನ್ಸ್ ನೋಡುತ್ತಿದ್ದ, ಹ್ಯೂಬರ್ ಕೇಳಿ ಯೋಚಿಸುತ್ತಿದ್ದ. 1792ರಲ್ಲಿ ಪ್ರಕಟವಾದ ಅವರ ಅವಲೋಕನಗಳು ಇವತ್ತಿಗೂ ಜೇನು ವಿಜ್ಞಾನದ ಅಡಿಪಾಯ. ಮುಂದೆ 1851ರಲ್ಲಿ ಅಮೆರಿಕದ ಲ್ಯಾಂಗ್‌ಸ್ಟ್ರಾತ್ ಎತ್ತಿ ಇಡಬಹುದಾದ ಚೌಕಟ್ಟಿನ ಪೆಟ್ಟಿಗೆಯ ಗುಟ್ಟು ಕಂಡುಕೊಂಡರು. 1910ರ ದಶಕದಲ್ಲಿ ತಿರುಚಿರಾಪಳ್ಳಿಯ ಪಾದ್ರಿ ನ್ಯೂಟನ್ ನಮ್ಮ ತುಡುವೆಯ ಮೈಗೆ ಒಪ್ಪುವ ಸಣ್ಣ ಪೆಟ್ಟಿಗೆ ರೂಪಿಸಿ ದಕ್ಷಿಣ ಭಾರತದಲ್ಲಿ ಜನರಿಗೆ ಕಲಿಸಿದರು. ನ್ಯೂಟನ್ ಪೆಟ್ಟಿಗೆ ಎಂಬ ಹೆಸರು ಬಂದದ್ದು ಅವರಿಂದ.

ಈಗ ರಾಣಿಯಿಲ್ಲದ ಪೆಟ್ಟಿಗೆಯೊಳಕ್ಕೆ ಬರೋಣ.

ಗೂಡಿನ ಪ್ರತಿ ಹೆಣ್ಣು ಮರಿಗೂ ಮೊದಲ ಎರಡು-ಮೂರು ದಿನ ದಾದಿ ನೊಣಗಳು ತಮ್ಮ ತಲೆಯ ಗ್ರಂಥಿಗಳಿಂದ ಸ್ರವಿಸುವ ಗಟ್ಟಿ ಹಾಲಿನಂಥ ಆಹಾರ ಉಣಿಸುತ್ತವೆ. ಆಮೇಲೆ ಕೆಲಸಗಾರಳಾಗುವ ಮರಿಗೆ ಜೇನು, ಪರಾಗ ಬೆರೆತ ಊಟ. ರಾಣಿಯಾಗುವವಳಿಗೆ ಕೊನೆಯವರೆಗೂ ರಾಜಶಾಹಿ ರಸ (ರಾಯಲ್ ಜೆಲ್ಲಿ), ಅದೂ ಅವಳು ಅದರಲ್ಲೇ ತೇಲುವಷ್ಟು. ಊಟ ಬದಲಾದರೆ ವಂಶವಾಹಿಗಳ ಅಕ್ಷರ ಬದಲಾಗುವುದಿಲ್ಲ, ಅವುಗಳಲ್ಲಿ ಯಾವುದು ಎಷ್ಟು ಕೆಲಸ ಮಾಡಬೇಕೆಂಬುದು ಬದಲಾಗುತ್ತದೆ. 2008ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಡಿಎನ್ಎ ಮೇಲೆ ರಾಸಾಯನಿಕ ಗುರುತು ಹಾಕುವ ಒಂದು ಕಿಣ್ವವನ್ನು ಮರಿಗಳಲ್ಲಿ ಅಡಗಿಸಿದಾಗ, ಅವುಗಳಲ್ಲಿ ಬಹುಪಾಲು ರಾಣಿಯ ಲಕ್ಷಣಗಳೊಂದಿಗೆ ಬೆಳೆದವು. ರಾಣಿತನ ಹುಟ್ಟಿನಿಂದ ಬಂದದ್ದಲ್ಲ, ಸಾಕಿದ್ದರಿಂದ ಬಂದದ್ದು.

ಇದರಿಂದ ಜೇನು ಸಾಕುವವರಿಗೆ ಬರುವ ಪಾಠ ನೇರವಾದದ್ದು. ತುರ್ತಿಗೆ ಸಿಲುಕಿದ ನೊಣಗಳು ಎರಡು ದಿನದ ಮರಿಯಿದ್ದರೆ ಅದನ್ನೂ ರಾಣಿ ಮಾಡುತ್ತವೆ. ಆದರೆ ತಡವಾಗಿ ರಾಜಶಾಹಿ ಊಟಕ್ಕೆ ಕುಳಿತ ಮರಿ ಸಣ್ಣ ರಾಣಿಯಾಗುತ್ತದೆ, ಅಂಡಾಶಯವೂ ಸಣ್ಣದು. ಹಾಗಾಗಿ ರಾಣಿ ಇಲ್ಲದ ಪಾಲಿಗೆ ಕೊಡುವ ಚೌಕಟ್ಟುಗಳಲ್ಲಿ ಒಂದರಲ್ಲಾದರೂ ಹೊಸ ಮೊಟ್ಟೆ ಮತ್ತು ಆಗತಾನೇ ಒಡೆದ ಮರಿ ಇರಲೇಬೇಕು. ಬಿಸಿಲಿಗೆ ಬೆನ್ನು ಮಾಡಿ ನಿಂತು, ಹೆಗಲ ಮೇಲಿಂದ ಬೆಳಕು ಕೋಶದ ತಳಕ್ಕೆ ಬೀಳುವಂತೆ ಚೌಕಟ್ಟನ್ನು ಓರೆಯಾಗಿ ಹಿಡಿಯಿರಿ. ತಳದಲ್ಲಿ ಅಕ್ಕಿಯ ನುಚ್ಚಿಗಿಂತ ತೆಳುವಾದ ಬಿಳಿ ಕಡ್ಡಿ ಕಾಣುತ್ತದೆ. ಮೊದಲ ದಿನ ಅದು ನೆಟ್ಟಗೆ ನಿಂತಿರುತ್ತದೆ, ಎರಡನೆಯ ದಿನ ವಾಲುತ್ತದೆ, ಮೂರನೆಯ ದಿನ ಮಲಗುತ್ತದೆ. ಆಮೇಲೆ ಒಂದು ಹನಿ ಹಾಲಿನಲ್ಲಿ ತೇಲುವ ಅಲ್ಪವಿರಾಮದಂಥ ಮರಿ. ನಿಮಗೆ ಬೇಕಾದದ್ದು ಅದೇ. ಕಣ್ಣು ಸಾಲದಿದ್ದರೆ ಭೂತಗನ್ನಡಿ ಹಿಡಿಯಿರಿ. ಮೊಟ್ಟೆ ಕಾಣದವರು ಪಾಲು ಮಾಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಜೇನು ಹೀಗೆ ಹೊಸ ರಾಣಿಯನ್ನು ತಳದಿಂದ ಬೆಳೆಸಿಕೊಳ್ಳುತ್ತದೆ. ಅದರ ದೂರದ ನೆಂಟ ಕಾಗದದ ಕಣಜ ಬೇರೆ ದಾರಿ ಹಿಡಿದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗಕರ್ ದಶಕಗಳ ಕಾಲ ಅಧ್ಯಯನ ಮಾಡಿದ ರೋಪಾಲಿಡಿಯಾ ಮಾರ್ಜಿನೇಟಾ ಎಂಬ ಕಣಜದ ಗೂಡಿನಿಂದ ರಾಣಿಯನ್ನು ತೆಗೆದರೆ, ನಿಮಿಷಗಳಲ್ಲೇ ಕೆಲಸಗಾರಳೊಬ್ಬಳು ಉಗ್ರಳಾಗಿ ಪಟ್ಟಕ್ಕೆ ನಿಲ್ಲುತ್ತಾಳೆ. ಅಲ್ಲಿಯವರೆಗೆ ಅವಳನ್ನು ನಮ್ಮ ಕಣ್ಣು ಗುರುತಿಸಲಾರದು, ಕಣಜಗಳಿಗೆ ಮಾತ್ರ ಉತ್ತರಾಧಿಕಾರಿ ಯಾರೆಂದು ತಿಳಿದಿರುತ್ತದೆ ಎಂದು ಗದಗಕರ್ ಮತ್ತು ಅನಿಂದಿತಾ ಭದ್ರ 2008ರಲ್ಲಿ ತೋರಿಸಿದರು. ಜೇನುಗೂಡಿನಲ್ಲಿ ಅಂಥ ಉತ್ತರಾಧಿಕಾರಿ ಸಿದ್ಧವಾಗಿ ಕುಳಿತಿಲ್ಲ. ಪೆಟ್ಟಿಗೆಯಲ್ಲಿ ಎಳೆ ಮರಿ ಇಲ್ಲದಿದ್ದರೆ ಭವಿಷ್ಯವೂ ಇಲ್ಲ.

ತುಡುವೆಯ ಪಂಚಾಂಗ ಹೀಗಿದೆ. ಮೊಟ್ಟೆಯಿಂದ ರಾಣಿ ಹೊರಬರಲು 15-16 ದಿನ, ಕೆಲಸಗಾರಳಿಗೆ 18ರಿಂದ 20, ಗಂಡಿಗೆ 22ರಿಂದ 24. ಪಾಲಾದ ದಿನವನ್ನು ಸೊನ್ನೆ ಎಂದಿಟ್ಟುಕೊಂಡರೆ, ಎಳೆ ಮರಿಯಿಂದ ಬೆಳೆದ ರಾಣಿ 10ರಿಂದ 13ನೇ ದಿನದ ಹೊತ್ತಿಗೆ ಕೋಶ ಕೊರೆದು ಬರುತ್ತಾಳೆ. ಮೈ ಗಟ್ಟಿಯಾಗಿ ಗಂಡುಗಳನ್ನು ಕೂಡಲು ಹೊರಡಲು ಅವಳಿಗೆ ಇನ್ನು ಐದಾರು ದಿನ. ಕೂಡಿ ಬಂದು ಎರಡು-ಮೂರು ದಿನಕ್ಕೆ ಮೊಟ್ಟೆ. ಎಲ್ಲವೂ ಸರಿಹೋದರೆ 20ರಿಂದ 24ನೇ ದಿನದ ಹೊತ್ತಿಗೆ ಮೊದಲ ಮೊಟ್ಟೆ ಕಾಣುತ್ತದೆ. ಆ ಮೊಟ್ಟೆಯಿಂದ ಕೆಲಸಗಾರ ನೊಣ ಹೊರಬರುವುದು 38ರಿಂದ 44ನೇ ದಿನ. ಇತ್ತ ಹಳೆಯ ರಾಣಿ ಇಟ್ಟಿದ್ದ ಕೊನೆಯ ಮೊಟ್ಟೆ 20ನೇ ದಿನಕ್ಕೆಲ್ಲ ನೊಣವಾಗಿ ಮುಗಿದಿರುತ್ತದೆ. ಅಂದರೆ ಸುಮಾರು ಮೂರು ವಾರ ಆ ಪೆಟ್ಟಿಗೆಯಲ್ಲಿ ಒಂದೇ ಒಂದು ಹೊಸ ನೊಣ ಹುಟ್ಟುವುದಿಲ್ಲ. ದುಡಿಯುವ ನೊಣದ ಆಯುಸ್ಸೋ ಐದಾರು ವಾರ. ಕೊಟ್ಟ ನೊಣವೇ ಆ ಕುಟುಂಬದ ಇಡುಗಂಟು. ದಿನವೂ ಕರಗುವ ಆ ಗಂಟಿನಲ್ಲೇ ಅದು 45ನೇ ದಿನದವರೆಗೆ ಬದುಕಬೇಕು.

ಈ ಲೆಕ್ಕ ತಲೆಯಲ್ಲಿದ್ದರೆ ಉಳಿದದ್ದು ತಾನಾಗಿ ಹೊಳೆಯುತ್ತದೆ. ರಾಣಿಯಿಲ್ಲದ ಪಾಲಿಗೆ ಮೊಟ್ಟೆ ಮಾತ್ರವಲ್ಲ, ಮೇಣದ ಮುಚ್ಚಳ ಬಿದ್ದ ಮರಿಗಳ ಚೌಕಟ್ಟನ್ನೂ ಧಾರಾಳವಾಗಿ ಕೊಡಬೇಕು. ಅವು ಮುಂದಿನ ಹತ್ತು-ಹನ್ನೆರಡು ದಿನಗಳಲ್ಲಿ ಎಳೆ ನೊಣಗಳಾಗಿ ಇಡುಗಂಟನ್ನು ತುಂಬುತ್ತವೆ. ನೊಣ ಕಡಿಮೆಯಾದರೆ ಶಾಖವೂ ಕಡಿಮೆ. ಮರಿಯ ಕೋಣೆ 34-35 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಇರಬೇಕು. ಫೆಬ್ರುವರಿಯ ಮುಂಜಾವಿನ ಚಳಿಗೆ ಮೈಗೆ ಮೈ ಒತ್ತಿ ಕುಳಿತು ಕಾಯಿಸಲೂ, ಏಪ್ರಿಲ್ ಮಧ್ಯಾಹ್ನದ ತಾರಸಿಯ ಝಳಕ್ಕೆ ನೀರು ತಂದು ರೆಕ್ಕೆ ಬೀಸಿ ತಂಪು ಮಾಡಲೂ ಕೈಗಳು ಬೇಕು. ನಾಲ್ಕು ಚೌಕಟ್ಟಿನ ಎರಡೂ ಬದಿ ಮುಚ್ಚುವಷ್ಟು ನೊಣ ಕೊಡಲಾಗದಿದ್ದರೆ ಪಾಲಿನ ಯೋಚನೆಯನ್ನು ಆ ವರ್ಷ ಕೈಬಿಡುವುದು ಲೇಸು.

ಕೊಟ್ಟ ನೊಣ ಅಲ್ಲೇ ಉಳಿಯುತ್ತದೆಯೇ ಎಂಬುದು ಮುಂದಿನ ಪ್ರಶ್ನೆ. ಹೊರಗೆ ಹಾರಿ ಅಭ್ಯಾಸವಾದ ನೊಣಕ್ಕೆ ನೆನಪಿರುವುದು ಪೆಟ್ಟಿಗೆಯಲ್ಲ, ಪೆಟ್ಟಿಗೆ ಇದ್ದ ಜಾಗ. ಹೊಸ ಪಾಲನ್ನು ಅದೇ ತಾರಸಿಯ ಇನ್ನೊಂದು ಮೂಲೆಗೆ ಇಟ್ಟರೆ ಮರುದಿನ ಬೆಳಿಗ್ಗೆ ಹಾರಾಡುವ ನೊಣಗಳೆಲ್ಲ ಹಳೆಯ ಜಾಗಕ್ಕೇ ಮರಳುತ್ತವೆ. ಹೊಸ ಪೆಟ್ಟಿಗೆಯಲ್ಲಿ ಉಳಿಯುವುದು ಇನ್ನೂ ಹಾರದ ದಾದಿ ನೊಣಗಳು ಮಾತ್ರ. ತುಡುವೆ ಎಷ್ಟು ದೂರ ಹೋಗುತ್ತದೆ? ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ, ಎನ್‌ಸಿಬಿಎಸ್‌ನ, ಆಕ್ಸೆಲ್ ಬ್ರಾಕ್‌ಮನ್ ಮತ್ತು ಸಂಗಡಿಗರು ದಕ್ಷಿಣ ಭಾರತದ ಮೂರು ಜೇನುಗಳು ಮೇವಿನ ದೂರವನ್ನು ಗೂಡಿಗೆ ತಿಳಿಸುವ ಕುಣಿತವನ್ನು ಅಳೆದು 2020ರಲ್ಲಿ ಪ್ರಕಟಿಸಿದರು. ಹೆಜ್ಜೇನು ಕಿಲೋಮೀಟರುಗಟ್ಟಲೆ ದೂರ ಹೋಗಿ ಬಂದರೆ ತುಡುವೆ, ಕೋಲುಜೇನುಗಳ ಓಡಾಟ ಹೆಚ್ಚಾಗಿ ಒಂದು ಕಿಲೋಮೀಟರಿನ ಒಳಗೆ. ಹಾಗಾಗಿ ಎರಡು ಕಿಲೋಮೀಟರ್ ಆಚೆ ನೆಂಟರ ಮನೆಯಿದ್ದರೆ ಪಾಲಾದ ರಾತ್ರಿಯೇ ಅಲ್ಲಿಗೆ ಸಾಗಿಸಿ, ಹೊಸ ರಾಣಿ ಮೊಟ್ಟೆಯಿಡಲು ತೊಡಗಿದ ಮೇಲೆ ತಂದುಕೊಳ್ಳಬಹುದು. ಅದಾಗದವರು ಹಳೆಯ ಪೆಟ್ಟಿಗೆ ಇದ್ದ ಜಾಗವನ್ನು ನಡುವೆ ಖಾಲಿ ಬಿಟ್ಟು ಎರಡು ಪೆಟ್ಟಿಗೆಗಳನ್ನು ಅದರ ಎಡಕ್ಕೊಂದು ಬಲಕ್ಕೊಂದು ಇಡಲಿ. ಮರಳಿದ ನೊಣಗಳು ಎರಡಕ್ಕೂ ಹಂಚಿಹೋಗುತ್ತವೆ. ಒಂದು ಕಡೆ ಹೆಚ್ಚು ಸೇರುತ್ತಿದ್ದರೆ ಆ ಪೆಟ್ಟಿಗೆಯನ್ನು ಗೇಣು ದೂರ ಸರಿಸಿದರೆ ಸಾಕು.

ಏಳೆಂಟನೆಯ ದಿನ ಒಮ್ಮೆ ತೆರೆದು ನೋಡಬೇಕು. ಎರಿಯ ಮೇಲೋ ಅಂಚಿನಲ್ಲೋ ಬೆರಳ ತುದಿಯಂತೆ ಕೆಳಮುಖವಾಗಿ ಇಳಿಬಿದ್ದ ರಾಣಿಕೋಶಗಳಿರುತ್ತವೆ. ಏಳೆಂಟು ಕೋಶ ಕಂಡು ಖುಷಿಪಟ್ಟು ಎಲ್ಲವನ್ನೂ ಬಿಟ್ಟರೆ, ಬಲವಾದ ಪಾಲಿನಲ್ಲಿ ಮೊದಲು ಹುಟ್ಟಿದವಳು ಅರ್ಧ ನೊಣಗಳನ್ನು ಕಟ್ಟಿಕೊಂಡು ಹಾರಿಹೋಗುವ ಸಂಭವವಿದೆ. ದಪ್ಪಗೆ, ಉದ್ದಕ್ಕೆ, ನೇರವಾಗಿರುವ ಎರಡನ್ನು ಉಳಿಸಿ ಮಿಕ್ಕವನ್ನು ತೆಗೆಯುವುದು ರೂಢಿ. ಆ ಎರಡರಲ್ಲಿ ಒಬ್ಬಳೇ ಉಳಿಯುತ್ತಾಳೆ. ಮೊದಲು ಹೊರಬಂದವಳು ಇನ್ನೊಂದು ಕೋಶದ ಪಕ್ಕವನ್ನು ಕೊರೆದು ಒಳಗಿರುವ ತಂಗಿಯನ್ನು ಕುಟುಕಿ ಮುಗಿಸುತ್ತಾಳೆ.

ಆಮೇಲಿನ ಹತ್ತು-ಹನ್ನೆರಡು ದಿನ ಪೆಟ್ಟಿಗೆಗೆ ಕೈ ಹಾಕಬಾರದು. ಇದು ಹೇಳಲು ಸುಲಭ, ಪಾಲಿಸಲು ಕಷ್ಟ. ಕನ್ಯೆ ರಾಣಿ ಮೊದಲು ಸುಮ್ಮನೆ ಹೊರಬಂದು, ಪೆಟ್ಟಿಗೆಗೆ ಮುಖ ಮಾಡಿ ಗಾಳಿಯಲ್ಲಿ ತೂಗುತ್ತಾ ಜಾಗದ ಗುರುತು ಹಿಡಿಯುತ್ತಾಳೆ. ನೀರಿನ ಸಿಂಟೆಕ್ಸ್ ತೊಟ್ಟಿ, ಬಟ್ಟೆ ಒಣಹಾಕುವ ತಂತಿಯ ಕಂಬ, ತೆಂಗಿನ ಮರದ ತಲೆ, ಇವೇ ಅವಳ ನಕ್ಷೆ. ಆ ವಾರದಲ್ಲಿ ತೊಟ್ಟಿ ಬದಲಿಸುವುದು, ಪೆಟ್ಟಿಗೆಯ ಮುಂದೆ ಕಂಬಳಿ ಹರವುವುದು ಬೇಡ. ಒಂದೇ ಬಣ್ಣದ ಎರಡು ಪೆಟ್ಟಿಗೆ ಅಕ್ಕಪಕ್ಕ ಇದ್ದರೆ ಅವಳು ಪಕ್ಕದ ಮನೆಗೆ ನುಗ್ಗಿ ಪ್ರಾಣ ಕಳೆದುಕೊಳ್ಳುತ್ತಾಳೆ. ಒಂದಕ್ಕೆ ನೀಲಿ, ಒಂದಕ್ಕೆ ಹಳದಿ ಬಳಿಯಿರಿ. ಜೇನಿಗೆ ಆ ಎರಡು ಬಣ್ಣ ಚೆನ್ನಾಗಿ ಕಾಣುತ್ತದೆ, ಕೆಂಪು ಕಾಣದು ಎಂದು ಕಾರ್ಲ್ ಫಾನ್ ಫ್ರಿಷ್ 1914ರಷ್ಟು ಹಿಂದೆಯೇ ತೋರಿಸಿಕೊಟ್ಟಿದ್ದರು. ಬಾಗಿಲು ಬೀದಿದೀಪದ ಅಥವಾ ಕಾರ್ಖಾನೆಯ ಫ್ಲಡ್‌ಲೈಟಿನ ಕಡೆಗಿರದೆ, ತಾರಸಿಯ ಅಡ್ಡಗೋಡೆಯ ಕಡೆಗಿದ್ದರೆ ನೊಣಗಳು ನೇರ ಮೇಲೆದ್ದು ಹಾರುತ್ತವೆ. ರಾತ್ರಿ ಬೆಳಕಿಗೆ ಮರುಳಾಗಿ ಸಾಯುವುದೂ ತಪ್ಪುತ್ತದೆ, ಎದುರು ಮನೆಯವರ ಮುಖಕ್ಕೆ ಹಾರುವುದೂ ತಪ್ಪುತ್ತದೆ.

ಅವಳು ಗಂಡುಗಳನ್ನು ಕೂಡುವುದು ಗೂಡಿನೊಳಗಲ್ಲ, ಬಾನಿನಲ್ಲಿ. 1976ರಲ್ಲಿ ಶ್ರೀಲಂಕಾದಲ್ಲಿ ನಡೆದ ಅಧ್ಯಯನವೊಂದು ಸೊಗಸಾದ ಸಂಗತಿಯನ್ನು ಹೊರತಂದಿತು. ಅಲ್ಲಿ ಕೋಲುಜೇನಿನ ಗಂಡುಗಳು ನಡುಹಗಲಿನಲ್ಲಿ ಹಾರುತ್ತವೆ, ತುಡುವೆಯವು ಸಂಜೆ ನಾಲ್ಕೂಕಾಲಿನಿಂದ ಐದೂಕಾಲಿನ ನಡುವೆ, ಹೆಜ್ಜೇನಿನವು ಆರು ದಾಟಿ ಮಬ್ಬುಗತ್ತಲಾಗುವಾಗ. ಮೂರೂ ಜಾತಿಯ ರಾಣಿಯರ ವಾಸನೆಯಲ್ಲಿ ಮುಖ್ಯ ರಾಸಾಯನಿಕ ಒಂದೇ. ಗೊಂದಲವಾಗದಂತೆ ಹೊತ್ತನ್ನು ಹಂಚಿಕೊಂಡಿವೆ. ತುಡುವೆಯ ಗಂಡುಗಳು ದೊಡ್ಡ ಮರಗಳ ನೆತ್ತಿಯ ಬಳಿ ಗುಂಪುಗೂಡುತ್ತವೆ. ರಾಣಿ ಹತ್ತಕ್ಕೂ ಹೆಚ್ಚು ಗಂಡುಗಳನ್ನು ಕೂಡಿ, ಆಯುಷ್ಯಕ್ಕೆ ಸಾಲುವಷ್ಟು ವೀರ್ಯವನ್ನು ಹೊಟ್ಟೆಯ ಚೀಲದಲ್ಲಿ ತುಂಬಿಕೊಂಡು ಬರುತ್ತಾಳೆ.

ನಗರದಲ್ಲಿ ಪಾಲು ಮಾಡುವವರು ಅತಿ ಕಡಿಮೆ ಯೋಚಿಸುವುದು ಈ ಗಂಡುಗಳ ಬಗ್ಗೆ. ಅವು ಯಾರ ಮಕ್ಕಳು? ಗಂಡು ನೊಣ ಫಲಿಸದ ಮೊಟ್ಟೆಯಿಂದ ಹುಟ್ಟುತ್ತದೆ, ಅದಕ್ಕೆ ಅಪ್ಪನಿಲ್ಲ ಎಂದು ಸೈಲೀಸಿಯಾದ ಪಾದ್ರಿ ಯಾನ್ ಜೆರ್ಜೋನ್ 1845ರಲ್ಲೇ ಹೇಳಿದ್ದ. ಅದರ ಹಿಂದಿನ ವಂಶವಾಹಿ ಪತ್ತೆಯಾದದ್ದು 2003ರಲ್ಲಿ, ಮಾರ್ಟಿನ್ ಬೈಯೆ ಮತ್ತು ಸಂಗಡಿಗರಿಂದ. ಲಿಂಗ ನಿರ್ಧರಿಸುವ ಈ ವಂಶವಾಹಿಯಲ್ಲಿ ಹಲವು ಮಾದರಿಗಳಿವೆ. ಮೊಟ್ಟೆಗೆ ತಾಯಿಯಿಂದ ಒಂದು, ತಂದೆಯಿಂದ ಇನ್ನೊಂದು ಬೇರೆ ಮಾದರಿ ಬಂದರೆ ಹೆಣ್ಣು. ಎರಡೂ ಒಂದೇ ಆಗಿಬಿಟ್ಟರೆ ಅದು ಹೆಣ್ಣಾಗದೆ ಕೆಲಸಕ್ಕೆ ಬಾರದ ಗಂಡಾಗುತ್ತದೆ. ಕೆಲಸಗಾರ ನೊಣಗಳು ಮೂಸಿ ಗುರುತಿಸಿ ಅಂಥ ಮರಿಯನ್ನು ಮೊಟ್ಟೆಯೊಡೆದ ಸ್ವಲ್ಪ ಹೊತ್ತಿನಲ್ಲೇ ತಿಂದು ಮುಗಿಸುತ್ತವೆ. ಇದನ್ನು 1963ರಲ್ಲಿ ಪೋಲೆಂಡಿನ ಯೆಜಿ ವೊಯ್ಕೆ ಕಂಡುಹಿಡಿದರು. ಹೊಸ ರಾಣಿ ತನ್ನ ತಾಯಿಯ ಗಂಡುಮಕ್ಕಳನ್ನೇ ಕೂಡಿದರೆ, ಅವರಲ್ಲಿ ಅರ್ಧದಷ್ಟು ಗಂಡುಗಳ ಬಳಿ ಅವಳಲ್ಲಿರುವ ಮಾದರಿಯೇ ಇರುತ್ತದೆ. ಅಂಥ ಗಂಡಿನಿಂದ ಫಲಿಸಿದ ಮೊಟ್ಟೆಗಳಲ್ಲಿ ಅರ್ಧ ನಷ್ಟ. ಮುಚ್ಚಳ ಹಾಕಿದ ಮರಿಯ ಎರಿ ಒಂದೇ ಹಾಸಿನಂತೆ ಕಾಣಬೇಕಾದಲ್ಲಿ ತೂತು ತೂತಾಗಿ ಕಾಣುತ್ತದೆ. ರೋಗವಿಲ್ಲ, ಊಟಕ್ಕೆ ಕೊರತೆಯಿಲ್ಲ, ಕುಟುಂಬ ಮಾತ್ರ ಬೆಳೆಯುವುದಿಲ್ಲ.

ಒಂದು ಪೆಟ್ಟಿಗೆಯಿಂದ ಎರಡು, ಎರಡರಿಂದ ನಾಲ್ಕು ಮಾಡುತ್ತಾ ಒಂದೇ ತಾರಸಿಯಲ್ಲಿ ಒಂದೇ ವಂಶ ಬೆಳೆಸುವವರು ಈ ಗುಂಡಿಗೆ ಬೀಳುತ್ತಾರೆ. ಇದಕ್ಕೆ ಮದ್ದು ಸುತ್ತಮುತ್ತಲ ಕಾಡು ಕುಟುಂಬಗಳಲ್ಲಿದೆ. ಹಳೆಯ ಮರದ ಪೊಟರೆಯಲ್ಲಿ, ಮುಚ್ಚಿದ ಗೋದಾಮಿನ ಗೋಡೆಯ ಸಂದಿನಲ್ಲಿ, ಕೆಟ್ಟು ನಿಂತ ಮೀಟರ್ ಪೆಟ್ಟಿಗೆಯಲ್ಲಿ ಸಂಸಾರ ಹೂಡಿದ ತುಡುವೆಗಳೇ ನಮ್ಮ ರಾಣಿಯರಿಗೆ ಬೇರೆ ರಕ್ತದ ಗಂಡುಗಳನ್ನು ಕೊಡುವವು. ಅಂಥ ಗೂಡಿಗೆ ಔಷಧಿ ಹೊಡೆಸಿದ ಪ್ರತಿ ಸಲವೂ ಬಡಾವಣೆಯ ಎಲ್ಲ ಪೆಟ್ಟಿಗೆಗಳಿಗೂ ನಷ್ಟವಾಗುತ್ತದೆ. ಪಾಲು ಮಾಡುವ ಮುನ್ನ ನಿಮ್ಮ ಪೆಟ್ಟಿಗೆಯಲ್ಲೂ ಗಂಡುಮರಿ ಇದೆಯೇ ನೋಡಿ. ತುಡುವೆಯಲ್ಲಿ ಅದು ಸುಲಭ: ಗಂಡಿನ ಕೋಶದ ಮುಚ್ಚಳ ಉಬ್ಬಿದ್ದು, ನಡುವೆ ಸೂಜಿಯಿಂದ ಚುಚ್ಚಿದಂಥ ಒಂದು ರಂಧ್ರ ಇರುತ್ತದೆ. ನಿಮ್ಮಲ್ಲಿ ಗಂಡು ಮೂಡುವ ಕಾಲವಾದರೆ ಸುತ್ತಲ ಗೂಡುಗಳಲ್ಲೂ ಮೂಡುವ ಕಾಲ. ಆ ರಂಧ್ರ ಕಾಣದ ತಿಂಗಳಲ್ಲಿ ಪಾಲು ಮಾಡಿದರೆ ರಾಣಿ ಹುಟ್ಟಿಯೂ ಪ್ರಯೋಜನವಿಲ್ಲ.

ಇಡುಗಂಟಿನ ಲೆಕ್ಕಕ್ಕೆ ಮರಳುತ್ತೇನೆ, ಏಕೆಂದರೆ ಪೀಣ್ಯದ ಗಾಳಿ ಅದರಲ್ಲಿ ಪಾಲು ಕೇಳುತ್ತದೆ. ಎನ್‌ಸಿಬಿಎಸ್‌ನ ಗೀತಾ ತಿಮ್ಮೇಗೌಡ, ಶಾನನ್ ಓಲ್ಸನ್ ಮತ್ತು ಸಂಗಡಿಗರು ಬೆಂಗಳೂರಿನ ಬೇರೆ ಬೇರೆ ಮಟ್ಟದ ಮಾಲಿನ್ಯವಿರುವ ಜಾಗಗಳಲ್ಲಿ 1,800ಕ್ಕೂ ಹೆಚ್ಚು ಹೆಜ್ಜೇನುಗಳನ್ನು ಅಧ್ಯಯನ ಮಾಡಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ದೂಳು ಹೆಚ್ಚಿದ್ದ ಕಡೆ ಹೂವಿಗೆ ಬರುವ ನೊಣ ಕಡಿಮೆಯಿತ್ತು. ಮಧ್ಯಮ ಮತ್ತು ತೀವ್ರ ಮಾಲಿನ್ಯದ ಜಾಗಗಳಿಂದ ಹಿಡಿದು ತಂದ ನೊಣಗಳಲ್ಲಿ ಶೇ. 80ಕ್ಕಿಂತ ಹೆಚ್ಚು 24 ಗಂಟೆಯೊಳಗೆ ಸತ್ತವು. ಹೃದಯದ ಬಡಿತ, ರಕ್ತಕಣಗಳ ಸಂಖ್ಯೆ ಎಲ್ಲವೂ ಏರುಪೇರಾಗಿದ್ದವು. ಇದು ಹೆಜ್ಜೇನಿನ ಕತೆ, ತುಡುವೆಯದಲ್ಲ. ಆದರೂ ಅದೇ ಗಾಳಿಯಲ್ಲಿ ಹಾರುವ ನೊಣ ಐದಾರು ವಾರ ಬಾಳುತ್ತದೆಂದು ನಂಬಿ ಸರಿಯಾಗಿ ಅರ್ಧಕ್ಕರ್ಧ ಪಾಲು ಮಾಡುವ ಧೈರ್ಯ ನನಗೆ ಬಾರದು. ರಾಣಿಯಿಲ್ಲದ ಪಾಲಿಗೆ ಅರ್ಧಕ್ಕಿಂತ ಹೆಚ್ಚು ನೊಣ ಕೊಡಿ. ರಾಣಿಯಿರುವ ಪಾಲು ಮೊಟ್ಟೆಯಿಂದ ತನ್ನ ನಷ್ಟ ತುಂಬಿಕೊಳ್ಳುತ್ತದೆ.

ಚಹಾ ಅಂಗಡಿಗಳೂ ಈ ಲೆಕ್ಕದಲ್ಲಿ ಸೇರುತ್ತವೆ. ಕುಡಿದೆಸೆದ ಕಾಗದದ ಲೋಟದ ತಳದಲ್ಲಿ ಉಳಿದ ಸಿಹಿಗೆ ಜೇನುನೊಣಗಳು ಇಳಿದು ಸಾಯುವುದನ್ನು ತಮಿಳುನಾಡಿನ ಸಂಶೋಧಕರು 2011ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ವರದಿ ಮಾಡಿದ್ದರು. ಪಾಳಿ ಬಿಡುವ ಹೊತ್ತಿಗೆ ಚಹಾ ಗಾಡಿಯ ಪಕ್ಕದ ಬುಟ್ಟಿ ತುಂಬಿ ತುಳುಕುವ ಬೀದಿಗಳಲ್ಲಿ ಇದು ಸಣ್ಣ ವಿಷಯವಲ್ಲ. ಪೆಟ್ಟಿಗೆಯ ಹತ್ತಿರದ ಅಂಗಡಿಯವರಿಗೆ ಬುಟ್ಟಿಗೊಂದು ಮುಚ್ಚಳ ಹಾಕಿ ಅಣ್ಣಾ ಎಂದು ಕೇಳಿಕೊಂಡರೆ ಹೆಚ್ಚಿನವರು ಹಾಕುತ್ತಾರೆ. ನೀರಿನ ಮಾತೂ ಹಾಗೆಯೇ. ನೀವು ಇಡದಿದ್ದರೆ ನೊಣಗಳು ಚರಂಡಿಯಿಂದ ಕುಡಿಯುತ್ತವೆ. ಅಗಲ ಬಾಯಿಯ ಮಣ್ಣಿನ ತಟ್ಟೆಯಲ್ಲಿ ಬೆಣಚುಕಲ್ಲು ಹರಡಿ, ಕಲ್ಲಿನ ನೆತ್ತಿ ಒಣಗಿರುವಷ್ಟು ನೀರು ಹಾಕಿ ನೆರಳಿನಲ್ಲಿಡಿ.

ಮೇವು ಕಡಿಮೆಯಾದರೆ ಸಕ್ಕರೆ ಪಾಕ ಕೊಡಬಹುದು, ಒಂದು ಪಾಲು ಸಕ್ಕರೆಗೆ ಒಂದು ಪಾಲು ನೀರು. ಸಂಜೆ ಹೊತ್ತು, ಪೆಟ್ಟಿಗೆಯ ಒಳಗೆ, ರಾತ್ರಿ ಕಳೆಯುವುದರಲ್ಲಿ ಖಾಲಿಯಾಗುವಷ್ಟು ಮಾತ್ರ. ಹೊರಗೆ ಇಟ್ಟರೆ ಅಥವಾ ಚೆಲ್ಲಿದರೆ ಬಲವಾದ ಕುಟುಂಬದ ನೊಣಗಳು ಬಲಹೀನ ಪಾಲಿಗೆ ನುಗ್ಗಿ ಲೂಟಿ ಮಾಡುತ್ತವೆ. ಹೊಸ ಪಾಲಿನ ಬಾಗಿಲನ್ನು ಎರಡು ನೊಣ ಒಟ್ಟಿಗೆ ಹಾಯುವಷ್ಟು ಕಿರಿದು ಮಾಡಿ. ನೊಣ ಮುಚ್ಚದ ಎರಿಯನ್ನು ಪೆಟ್ಟಿಗೆಯಲ್ಲಿ ಉಳಿಸಬೇಡಿ, ಮೇಣದ ಹುಳು ಬಲೆ ನೇಯ್ದು ಅದನ್ನು ಪುಡಿ ಮಾಡುತ್ತದೆ. ಅಂಥ ಗೂಡನ್ನು ತುಡುವೆ ಸಹಿಸುವುದಿಲ್ಲ, ಒಂದು ಮಧ್ಯಾಹ್ನ ಗೂಡನ್ನೇ ತೊರೆದು ಹೊರಟುಬಿಡುತ್ತದೆ. ಇರುವೆ ಹತ್ತದಂತೆ ಸ್ಟ್ಯಾಂಡಿನ ನಾಲ್ಕೂ ಕಾಲಿಗೆ ನೀರಿನ ಬಟ್ಟಲು.

25ನೇ ದಿನ ತೆರೆದಾಗ ಕೋಶಕ್ಕೊಂದರಂತೆ ತಳದ ನಡುವೆ ಮೊಟ್ಟೆ ಕಂಡರೆ ಗೆದ್ದಿರಿ. ಒಂದೊಂದು ಕೋಶದಲ್ಲಿ ಮೂರು-ನಾಲ್ಕು ಮೊಟ್ಟೆ, ಅವೂ ಗೋಡೆಗೆ ಅಂಟಿಕೊಂಡಿದ್ದರೆ ರಾಣಿ ಹಾರಿದವಳು ಮರಳಿಲ್ಲ ಎಂದರ್ಥ. ರಾಣಿಯ ವಾಸನೆಯೂ ಮರಿಗಳ ವಾಸನೆಯೂ ಇಲ್ಲವಾದಾಗ ಕೆಲಸಗಾರ ನೊಣಗಳ ಅಂಡಾಶಯ ಎಚ್ಚರಗೊಳ್ಳುತ್ತದೆ; ತುಡುವೆಯಲ್ಲಿ ಇದು ಯುರೋಪಿನ ಮೆಲ್ಲಿಫೆರಾ ಜೇನಿಗಿಂತ ಬೇಗ. ಅವು ಗಂಡನ್ನು ಕೂಡಿಲ್ಲವಾದ್ದರಿಂದ ಇಡುವ ಮೊಟ್ಟೆಯೆಲ್ಲ ಗಂಡೇ ಆಗುತ್ತದೆ. ಅಂಥ ಪೆಟ್ಟಿಗೆಗೆ ಹೊಸ ರಾಣಿಯನ್ನು ಕೊಟ್ಟರೂ ಹೆಚ್ಚಾಗಿ ಕೊಂದುಹಾಕುತ್ತವೆ. ತಡಮಾಡದೆ, ರಾಣಿಯಿರುವ ಬಲವಾದ ಪೆಟ್ಟಿಗೆಯ ಮೇಲೆ ಸಣ್ಣ ತೂತುಗಳಿರುವ ಸುದ್ದಿಪತ್ರಿಕೆಯ ಹಾಳೆ ಹಾಸಿ, ಅದರ ಮೇಲೆ ಈ ಪೆಟ್ಟಿಗೆಯಿಟ್ಟು ಕೂಡಿಸಿಬಿಡಿ. ಹಾಳೆ ಕಡಿದು ಮುಗಿಸುವಷ್ಟರಲ್ಲಿ ವಾಸನೆ ಬೆರೆತು ಒಂದಾಗುತ್ತವೆ. ಸಂಖ್ಯೆಯ ಆಸೆಗೆ ಕುಟುಂಬ ಸಾಯಲು ಬಿಡುವುದಕ್ಕಿಂತ ಇದು ಸಾವಿರ ಪಾಲು ಮೇಲು.

ಹಳೆಯ ರಾಣಿಯ ಮರಿ ಮುಗಿದು ಹೊಸ ರಾಣಿಯ ಮರಿ ಇನ್ನೂ ಮೂಡದ ನಡುವಿನ ದಿನಗಳಿಂದ ಒಂದು ಉಪಕಾರವೂ ಇದೆ. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತಕ್ಕೆ ಬಂದು ತುಡುವೆಗಳನ್ನು ಗುಡಿಸಿ ಹಾಕಿತು. 1936ರಿಂದಲೇ ವಿರಾಜಪೇಟೆಯಲ್ಲಿ ಜೇನು ಸಹಕಾರ ಸಂಘ ನಡೆಸಿಕೊಂಡು ಬಂದಿದ್ದ ಕೊಡಗು ಅದರ ಏಟು ತಿಂದ ಜಿಲ್ಲೆಗಳಲ್ಲೊಂದು. ಬೆಳೆದ ಮರಿ ಕೋಶದಲ್ಲೇ ತಲೆಯೆತ್ತಿ ಸತ್ತು, ಚರ್ಮವೆಲ್ಲ ನೀರು ತುಂಬಿದ ಚೀಲದಂತಾಗುವುದು ಆ ರೋಗದ ಗುರುತು. ವೈರಸ್ ಹರಡಲು ಮರಿ ಬೇಕು. ಮರಿಯೇ ಇಲ್ಲದ ಅವಧಿ ಅದರ ಸರಪಳಿಯನ್ನು ತುಂಡರಿಸಲು ನೆರವಾಗುತ್ತದೆ. ಆದರೆ ರೋಗವಿರುವ ಪೆಟ್ಟಿಗೆಯ ಚೌಕಟ್ಟನ್ನು ಯಾವ ಕಾರಣಕ್ಕೂ ಇನ್ನೊಂದಕ್ಕೆ ಇಡಬಾರದು. ಸಂದೇಹವಿದ್ದರೆ ಜಿಕೆವಿಕೆಯ ಕೃಷಿ ವಿಶ್ವವಿದ್ಯಾಲಯದಲ್ಲಿ ಜೇನು ಕೃಷಿಯ ತಜ್ಞರಿದ್ದಾರೆ, ಹೋಗಿ ಕೇಳಿ.

ಕಾಲದ ಮಾತು ಉಳಿಯಿತು. ಬೆಂಗಳೂರಿನಲ್ಲಿ ಹೊಂಗೆ ಯುಗಾದಿಯ ಹೊತ್ತಿಗೆ ಚಿಗುರಿ, ಅಶ್ವಿನಿ-ಭರಣಿ ಮಳೆಯ ಸುಮಾರಿಗೆ ಹೂವಿನಲ್ಲಿರುತ್ತದೆ. ಪಾಲು ಮಾಡುವುದು ಆ ಹೊತ್ತಿಗಲ್ಲ. ಶಿವರಾತ್ರಿಯ ಆಸುಪಾಸಿನಲ್ಲಿ ಪಾಲು ಮಾಡಿದರೆ 45ನೇ ದಿನ ಹೊಂಗೆಯ ಹೂವಿಗೆ ಬಂದು ಮುಟ್ಟುತ್ತದೆ, ಹೊಸ ರಾಣಿಯ ಮೊದಲ ಮಕ್ಕಳಿಗೆ ಹೊರಗೆ ಹೂವಿರುತ್ತದೆ. ಮೇ ಕಳೆದ ಮೇಲೆ ಮಾಡಿದ ಪಾಲು ಮೃಗಶಿರಾ ಮಳೆಗೆ ಸಿಕ್ಕಿ, ರಾಣಿ ಹಾರಲಾಗದೆ, ಮೇವಿಲ್ಲದೆ ಸೊರಗುತ್ತದೆ.

ಇನ್ನೊಂದು ಗುಣಾಕಾರ. ತುಡುವೆ ಓಡಾಡುವ ಒಂದು ಕಿಲೋಮೀಟರ್ ತ್ರಿಜ್ಯದ ವೃತ್ತದ ಒಳಗಿನ ನೆಲ ಸುಮಾರು ಮೂರು ಚದರ ಕಿಲೋಮೀಟರ್. ರಾಜಗೋಪಾಲನಗರದ ಪೆಟ್ಟಿಗೆಯೊಂದಕ್ಕೆ ಲಗ್ಗೆರೆ, ಹೆಗ್ಗನಹಳ್ಳಿ, ಪೀಣ್ಯ ಎರಡನೇ ಹಂತದ ಕಡೆ ಸಿಕ್ಕಿದಷ್ಟು ಮರವೇ ಹೊಲ: ರಸ್ತೆ ಬದಿಯ ಹೊಂಗೆ, ಕಾರ್ಖಾನೆಯ ಕಾಂಪೌಂಡಿನ ಬೇವು, ಹಿತ್ತಲ ತೆಂಗು ಮತ್ತು ನುಗ್ಗೆ, ಸಿಂಗಾಪುರ ಚೆರ್ರಿ, ಕುಂಡದ ತುಳಸಿ. ಪೆಟ್ಟಿಗೆ ಎರಡಾದರೂ ಮರ ಎರಡಾಗುವುದಿಲ್ಲ. ಹಾಗಾಗಿ ಈ ಭಾಗದ ಜೇನು ಸಾಕಣೆಗಾರರಲ್ಲಿ ನನ್ನ ವಿನಂತಿ ಇಷ್ಟು: ಪಾಲಾದ ದಿನಾಂಕವನ್ನು ಪೆಟ್ಟಿಗೆಯ ಮುಚ್ಚಳದ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡಿ. 45ನೇ ದಿನ ಬಂದು, ಎರಡೂ ಪೆಟ್ಟಿಗೆಗಳಲ್ಲಿ ಮುಚ್ಚಳ ಬಿದ್ದ ಮರಿ ಒಂದೇ ಹಾಸಿನಂತೆ ಕಾಣುವವರೆಗೆ ಮೂರನೆಯ ಪೆಟ್ಟಿಗೆಯ ಮಾತೆತ್ತಬೇಡಿ. ಆಗಲೂ ಎತ್ತುವ ಮೊದಲು ನಿಮ್ಮ ಬೀದಿಯಲ್ಲೊಂದು ಹೊಂಗೆ ಸಸಿ ನೆಡಿ.